ದಾರಿಯೋ ಫೋ ನಾಟಕಕ್ಕೆ ಎರಡು ಕೊನೆಯಂತೆ, ಹೌದಾ?

ಪ್ರಶ್ನೆ: ಇಟಲಿಯ ನಾಟಕಕಾರ ದಾರಿಯೋ ಫೋ ಬರೆದ 'ಅರಾಜಕತಾವಾದಿಯೊಬ್ಬನ ಆಕಸ್ಮಿಕ ಸಾವು' ನಾಟಕವನ್ನು ಇಂಗ್ಲಿಷ್‌ನಲ್ಲಿ ಓದಿದೆ. ಅದರಲ್ಲಿ ಎರಡು ಕೊನೆಗಳಿವೆ. ಗೆಳೆಯರ ಹತ್ತಿರ ಇರುವ ಪುಸ್ತಕದಲ್ಲಿ ಒಂದೇ ಕೊನೆ, ಅದೂ ಬೇರೆಯದೇ. ಫೋ ಬರೆದದ್ದು ಯಾವುದು? ನಮ್ಮ ತಂಡ ಆಡುವುದಾದರೆ ಯಾವುದನ್ನು ಇಟ್ಟುಕೊಳ್ಳಬೇಕು?

ಉತ್ತರ: ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಆದರೂ ಯಾರಾದರೂ ಇಟಲಿಯ ನಾಟಕದ ಸುದ್ದಿ ತೆಗೆದರೆ ಸಾಕು, ಮೊದಲು ಬರುವುದು ಇದೇ. ಜೊತೆಗೆ ಒಂದು ಪುಟ್ಟ ಭಾಷಣವೂ ಬರುತ್ತದೆ: "ಫೋ ಎಂಥ ಜಾಣ ನೋಡಿ, ಎರಡು ಕೊನೆ ಬರೆದು ಪ್ರೇಕ್ಷಕರ ಕೈಗೇ ತೀರ್ಮಾನ ಬಿಟ್ಟ!" ಹಾಗಾಗಿ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ ಇಷ್ಟು. ಫೋ ಹಾಗೆ ಬರೆದಿಲ್ಲ. ನೀವು ಓದಿದ ಆ ಎರಡು ಕೊನೆಗಳು ಲಂಡನ್ನಿನಲ್ಲಿ ಹುಟ್ಟಿದ್ದು. ಬರೆದವರು ಗ್ಯಾವಿನ್ ರಿಚರ್ಡ್ಸ್ ಎಂಬ ಇಂಗ್ಲಿಷ್ ರಂಗಕರ್ಮಿ. ನಿಮ್ಮ ಗೆಳೆಯರ ಪುಸ್ತಕದಲ್ಲಿ ಕೊನೆಗೆ ಗಡ್ಡದ ನ್ಯಾಯಾಧೀಶನೊಬ್ಬ ಒಳಗೆ ಬಂದರೆ, ಅದೇ ಫೋ ಬರೆದ ಕೊನೆ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಲಾಕಪ್ ಡೆತ್ ಅಂದರೆ ಏನು, ಮರುದಿನ ಪೊಲೀಸರು ಏನು ಹೇಳಿಕೆ ಕೊಡುತ್ತಾರೆ ಅಂತ ನಮ್ಮವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. 1969ರ ಡಿಸೆಂಬರ್ 12ರಂದು ಮಿಲಾನ್ ನಗರದ ಪಿಯಾತ್ಸಾ ಫೊಂತಾನಾ ಚೌಕದ ಕೃಷಿ ಬ್ಯಾಂಕಿನಲ್ಲಿ ಬಾಂಬ್ ಸಿಡಿಯಿತು. ಒಟ್ಟು 17 ಜನ ಸತ್ತರು. ಪೊಲೀಸರು ಅವತ್ತೇ ಅರಾಜಕತಾವಾದಿಗಳನ್ನು ಹಿಡಿದು ತರಲು ಶುರು ಮಾಡಿದರು. ಅವರಲ್ಲಿ ಜುಸೆಪ್ಪೆ ಪಿನೆಲ್ಲಿ ಒಬ್ಬ. ವಯಸ್ಸು 41, ರೈಲ್ವೆ ಕೆಲಸಗಾರ. ಪೊಲೀಸರ ಕಾರಿನ ಹಿಂದೆ ತನ್ನದೇ ಮೊಪೆಡ್ ಓಡಿಸಿಕೊಂಡು ಠಾಣೆಗೆ ಹೋದವನು. ಮೂರು ದಿನ ಒಳಗೇ ಇಟ್ಟುಕೊಂಡರು. ಡಿಸೆಂಬರ್ 15ರ ನಡುರಾತ್ರಿ ನಾಲ್ಕನೇ ಮಹಡಿಯ ಕಿಟಕಿಯಿಂದ ಕೆಳಗೆ ಬಿದ್ದು ಸತ್ತ. ಆತ್ಮಹತ್ಯೆ ಅಂದರು ಪೊಲೀಸರು. ಆಮೇಲೆ ಒಬ್ಬೊಬ್ಬರ ಮಾತು ಒಂದೊಂದು ಕಡೆ ಹೋಯಿತು. ಬಾಂಬಿಗೂ ಅವನಿಗೂ ಸಂಬಂಧವಿರಲಿಲ್ಲ. ಅದರ ಹಿಂದೆ ಇದ್ದದ್ದು ಓರ್ದಿನೆ ನುವೊವೊ ಎಂಬ ಫ್ಯಾಸಿಸ್ಟ್ ಗುಂಪಿನವರು ಅಂತ ಇಟಲಿಯ ಮೇಲಿನ ಕೋರ್ಟು ಹೇಳಲು 2005 ಆಗಬೇಕಾಯಿತು.

ಘಟನೆ ನಡೆದು ಒಂದು ವರ್ಷಕ್ಕೇ, 1970ರ ಡಿಸೆಂಬರಿನಲ್ಲಿ, ಫೋ ಮತ್ತು ಅವರ ಹೆಂಡತಿ ಫ್ರಾಂಕಾ ರಾಮೆ ಕಟ್ಟಿದ 'ಲಾ ಕೊಮೂನೆ' ತಂಡ ಈ ನಾಟಕ ಆಡಿತು. ಕತೆ ಗೊತ್ತಲ್ಲ? ವೇಷ ಹಾಕಿ ಜನರಿಗೆ ಟೋಪಿ ಹಾಕುವುದೇ ಚಟವಾಗಿರುವ ಒಬ್ಬ ಹುಚ್ಚನನ್ನು ಠಾಣೆಗೆ ತಂದಿದ್ದಾರೆ. ಅರಾಜಕತಾವಾದಿಯ ಸಾವಿನ ಬಗ್ಗೆ ಮತ್ತೆ ವಿಚಾರಣೆ ಮಾಡಲು ರೋಮ್‌ನಿಂದ ನ್ಯಾಯಾಧೀಶರು ಬರುತ್ತಿರುವ ಸುದ್ದಿ ಅವನ ಕಿವಿಗೆ ಬೀಳುತ್ತದೆ. ತಾನೇ ಆ ನ್ಯಾಯಾಧೀಶ ಅಂತ ಮೇಲಿನ ಮಹಡಿಗೆ ಹತ್ತಿಬಿಡುತ್ತಾನೆ. ಆಮೇಲೆ ಪೊಲೀಸರ ಬಾಯಿಂದಲೇ ಅವರ ಸುಳ್ಳುಗಳನ್ನು ಒಂದೊಂದಾಗಿ ಹೊರಗೆ ಎಳೆಯುತ್ತಾನೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಹುಚ್ಚನೇ ಅರಾಜಕತಾವಾದಿ ಅಲ್ಲ. ಹೆಸರಿನಲ್ಲಿರುವ ಆ ಮನುಷ್ಯ ಪರದೆ ಏಳುವ ಮೊದಲೇ ಸತ್ತಿದ್ದಾನೆ, ರಂಗದ ಮೇಲೆ ಬರುವುದೇ ಇಲ್ಲ.

ಈಗ ಕೊನೆಯ ವಿಷಯ.

ಫೋ ಬರೆದ ಪ್ರಕಾರ ನಡೆಯುವುದು ಹೀಗೆ. ಹುಚ್ಚನ ವೇಷ ಬಯಲಾಗಿದೆ. ಪೊಲೀಸರ ಮಾತನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡಿದ್ದೇನೆ, ಪತ್ರಿಕೆಗಳಿಗೂ ಪಕ್ಷಗಳಿಗೂ ಕಳಿಸುತ್ತೇನೆ ಅನ್ನುತ್ತಾನೆ. ಅಷ್ಟರಲ್ಲಿ ದೀಪ ಆರುತ್ತದೆ. ಒಂದು ಚೀರಾಟ. ದೀಪ ಬಂದಾಗ ಹುಚ್ಚ ಇಲ್ಲ. ಅವನೂ ಕಿಟಕಿಯಿಂದ ಕೆಳಗೆ ಬಿದ್ದಿದ್ದಾನೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಒಬ್ಬ ಬರುತ್ತಾನೆ. ಗಡ್ಡ, ದಪ್ಪ ಹೊಟ್ಟೆ. ಆಡುವವನು ಹುಚ್ಚನ ಪಾತ್ರ ಮಾಡಿದ ಅದೇ ನಟ. ಪೊಲೀಸರು ಇವನು ಮತ್ತೆ ಬಂದ ಅಂದುಕೊಂಡು ಗಡ್ಡ ನಿಜವಾ, ಹೊಟ್ಟೆ ನಿಜವಾ ಅಂತ ಮುಟ್ಟಿ ನೋಡುತ್ತಾರೆ. ಎಲ್ಲವೂ ನಿಜ. ಬಂದವನು ರೋಮ್‌ನ ಅಸಲಿ ನ್ಯಾಯಾಧೀಶ. ಅರಾಜಕತಾವಾದಿಯ ಸಾವಿನ ವಿಚಾರಣೆ ಶುರು ಮಾಡಬೇಕು ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ರಿಚರ್ಡ್ಸ್ ಬರೆದದ್ದು ಬೇರೆ. ಅಲ್ಲಿ ಬಾಂಬ್ ಟಿಕ್ ಟಿಕ್ ಅನ್ನುತ್ತಿದೆ. ಪೊಲೀಸರಿಗೆ ಕೈಕೋಳ ಬಿದ್ದಿದೆ. ಹುಚ್ಚ ಬೀಗದಕೈಯನ್ನು ಪತ್ರಕರ್ತೆ ಮರಿಯಾ ಫೆಲೆತ್ತಿಯ ಕೈಗೆ ಕೊಟ್ಟು ಹೊರಡುತ್ತಾನೆ. ಮೊದಲ ಕೊನೆಯಲ್ಲಿ ಅವಳು ಪೊಲೀಸರನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ಬಾಂಬ್ ಸಿಡಿಯುತ್ತದೆ. ಹುಚ್ಚ ಮತ್ತೆ ಬಂದು ಪ್ರೇಕ್ಷಕರಿಗೆ ಇನ್ನೊಂದು ಕೊನೆ ತೋರಿಸುತ್ತಾನೆ. ಈ ಸಲ ಅವಳ ಮನಸ್ಸು ಕರಗಿ ಪೊಲೀಸರನ್ನು ಬಿಡಿಸುತ್ತಾಳೆ. ಇವಳಿಗೆ ಎಲ್ಲ ಗೊತ್ತಾಗಿದೆ ಅಂತ ಅವರು ಅವಳನ್ನೇ ಕಟ್ಟಿಹಾಕಿ ಹೊರಟುಹೋಗುತ್ತಾರೆ. ಹುಚ್ಚ ನಮ್ಮ ಕಡೆ ತಿರುಗಿ, ಹೇಗಾದರೂ ನೀವೇ ನಿರ್ಧಾರ ಮಾಡಬೇಕು ಅಂತ ಹೇಳಿ ಶುಭರಾತ್ರಿ ಅನ್ನುತ್ತಾನೆ.

ಚೆನ್ನಾಗಿದೆ ಅಲ್ವಾ? ಚಪ್ಪಾಳೆ ಬೀಳುತ್ತದೆ. ಅದಕ್ಕೇ ಎಲ್ಲರ ನೆನಪಿನಲ್ಲಿ ಉಳಿದಿದೆ. ಆದರೆ ನೆನಪಿನಲ್ಲಿ ಉಳಿದದ್ದೆಲ್ಲ ಫೋ ಬರೆದದ್ದು ಆಗುವುದಿಲ್ಲ.

ಈ ತಪ್ಪು ತಿಳಿವಳಿಕೆ ಬಂದದ್ದು ಎಲ್ಲಿಂದ ಅಂತ ನೋಡಿ. 1979ರಲ್ಲಿ 'ಬೆಲ್ಟ್ ಅಂಡ್ ಬ್ರೇಸಸ್' ಎಂಬ ಎಡಪಂಥೀಯ ತಂಡ ಲಂಡನ್ನಿನ ಹಾಫ್ ಮೂನ್ ಎಂಬ ಚಿಕ್ಕ ರಂಗಮಂದಿರದಲ್ಲಿ ಇದನ್ನು ಆಡಿತು. ಗಿಲಿಯನ್ ಹ್ಯಾನಾ ಇಟಾಲಿಯನ್‌ನಿಂದ ಪದಕ್ಕೆ ಪದ ಅನುವಾದ ಮಾಡಿಕೊಟ್ಟರು. ಅದನ್ನು ಇಟ್ಟುಕೊಂಡು ರಿಚರ್ಡ್ಸ್ ತನಗೆ ಬೇಕಾದ ಹಾಗೆ ರೂಪಾಂತರ ಮಾಡಿದರು. ನಾಟಕ ಎಷ್ಟು ಗೆದ್ದಿತೆಂದರೆ 1980ರಲ್ಲಿ ಲಂಡನ್ನಿನ ದೊಡ್ಡ ವ್ಯಾಪಾರಿ ರಂಗಮಂದಿರಗಳಿರುವ ವೆಸ್ಟ್ ಎಂಡಿನ ವಿಂಡಮ್ಸ್ ಥಿಯೇಟರಿಗೆ ಏರಿತು. ರಂಗಪ್ರತಿ ಪುಸ್ತಕವಾಗಿ ಬಂತು. ಪುಸ್ತಕದ ಮುಖಪುಟದಲ್ಲಿ ಯಾರ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ ಹೇಳಿ? ದಾರಿಯೋ ಫೋ. ರೂಪಾಂತರ ಮಾಡಿದವರ ಹೆಸರನ್ನು ಯಾರು ನೋಡುತ್ತಾರೆ? ಮೂಲಕ್ಕೆ ಹತ್ತಿರವಾದ ಎಡ್ ಎಮರಿ ಅನುವಾದ ಮೆಥುಯೆನ್ ಪ್ರಕಾಶನದಿಂದ ಬಂದದ್ದು 1992ರಲ್ಲಿ. ಅಷ್ಟರಲ್ಲಿ ರಿಚರ್ಡ್ಸ್ ಪ್ರತಿ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಕಾಲೇಜು, ಗ್ರಂಥಾಲಯ, ತಾಲೀಮಿನ ಕೋಣೆ ಅಂತ ಸುತ್ತಿಬಿಟ್ಟಿತ್ತು. ನಮಗೆ ಇಟಲಿ ನಾಟಕ ಬರುವುದು ಬಹುಮಟ್ಟಿಗೆ ಇಂಗ್ಲಿಷ್ ದಾರಿಯಿಂದಲೇ. ದಾರಿಯಲ್ಲಿ ಯಾರು ಏನು ಸೇರಿಸಿದರು ಅಂತ ಕೇಳುವ ಅಭ್ಯಾಸ ನಮಗೆ ಕಡಿಮೆ.

"ಆದರೆ ಫೋ ಒಪ್ಪಿದ್ದರಲ್ಲ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆಡಲು ಬಿಟ್ಟರು, ಅದು ಬೇರೆ. ಇಂಗ್ಲಿಷ್ ಪ್ರತಿಗೆ ಬರೆದ ಟಿಪ್ಪಣಿಯಲ್ಲೇ ಅವರು ತಮ್ಮ ಅಸಮಾಧಾನವನ್ನು ಮರ್ಯಾದೆಯಿಂದ ಹೇಳಿದ್ದಾರೆ. ತನ್ನ ನಾಟಕ ನಿಂತಿರುವುದು ದುರಂತ ಮತ್ತು ವಿಕಾರ ಎರಡರ ಜಗ್ಗಾಟದ ಮೇಲೆ, ಈ ರೂಪಾಂತರದಲ್ಲಿ ಅದು ಸವೆದು ಬರೀ ನಗುವಿನ ಕಡೆ ವಾಲಿದೆ ಎಂಬುದು ಅವರ ತಕರಾರು. ಪುಸ್ತಕದ ಮೊದಲ ಪುಟಗಳನ್ನು ಹಾರಿಸಿ ನೇರ ಮೊದಲ ಅಂಕಕ್ಕೆ ಹೋಗುವವರಿಗೆ ಇದು ಕಾಣುವುದಿಲ್ಲ.

ಟಿಪ್ಪಣಿ ಬೇಡ ಅಂದರೆ ನಾಟಕದ ಒಳಗೇ ಸಾಕ್ಷಿ ಇದೆ. ಎರಡನೇ ಅಂಕದಲ್ಲಿ ಹುಚ್ಚ ಹಗರಣಗಳ ಬಗ್ಗೆ ಒಂದು ದೊಡ್ಡ ಮಾತಾಡುತ್ತಾನೆ. ಹಗರಣ ಬಯಲಾದರೆ ಆಳುವವರಿಗೆ ನಷ್ಟ ಅಂತ ಪತ್ರಕರ್ತೆ ನಂಬಿದ್ದಾಳೆ. ಹುಚ್ಚ ನಗುತ್ತಾನೆ. ಹಗರಣ ಬಯಲಾದರೆ ಜನ ಸಿಟ್ಟಾಗುತ್ತಾರೆ, ಕೂಗಾಡುತ್ತಾರೆ, ಆಮೇಲೆ ಒಂದು ತೇಗು ಬರುತ್ತದೆ, ಹೊಟ್ಟೆ ಹಗುರವಾಗುತ್ತದೆ, ಮನೆಗೆ ಹೋಗಿ ಮಲಗುತ್ತಾರೆ. ಆಳುವವರಿಗೆ ಬೇಕಾಗಿರುವುದೇ ಆ ತೇಗು. ಹೀಗೆ ಬರೆದ ಮನುಷ್ಯ ಅದೇ ನಾಟಕದ ಕೊನೆಗೆ ಕೆಟ್ಟ ಪೊಲೀಸರನ್ನು ಢಂ ಅಂತ ಹಾರಿಸಿ ಪ್ರೇಕ್ಷಕರಿಗೆ ತೇಗು ಬರಿಸುತ್ತಾನಾ? ಯೋಚನೆ ಮಾಡಿ. ಮೊದಲ ಲಂಡನ್ ಕೊನೆ ಹುಚ್ಚನ ಮಾತಿಗೇ ವಿರುದ್ಧ.

ಎರಡನೇ ಕೊನೆಯೂ ಅಷ್ಟೆ. ಅಲ್ಲಿ ಇಡೀ ಭಾರ ಪತ್ರಕರ್ತೆಯ ತಲೆ ಮೇಲೆ ಬರುತ್ತದೆ. ಅವಳು ಬಿಡಿಸಿದ್ದು ಸರಿಯಾ, ತಪ್ಪಾ? ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಚರ್ಚೆಗೆ ಒಳ್ಳೆಯ ವಿಷಯವೇ. ಆದರೆ ಒಬ್ಬ ರೈಲ್ವೆ ಕೆಲಸಗಾರ ಠಾಣೆಯಲ್ಲಿ ಸತ್ತದ್ದು ಹೇಗೆ ಅಂತ ಎರಡು ಗಂಟೆ ಕೇಳಿದ ನಾಟಕ ಕೊನೆಗೆ ಒಬ್ಬ ಪತ್ರಕರ್ತೆಯ ಮನಸ್ಸಾಕ್ಷಿಯ ಪರೀಕ್ಷೆಯಾಗಿ ಮುಗಿಯುತ್ತದೆ. ಫೋ ಕೊನೆಯಲ್ಲಿ ಯಾರಿಗೂ ಆಯ್ಕೆಯೇ ಇಲ್ಲ. ಇನ್ನೊಬ್ಬ ಬಿದ್ದ. ಇನ್ನೊಂದು ವಿಚಾರಣೆ ಬಂತು. ಅದೇ ಮುಖ, ಅಸಲಿ ಗಡ್ಡ. ನಗು ಬರುತ್ತದೆ, ಆದರೆ ತೇಗು ಬರುವುದಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಎರಡು-ಕೊನೆ ಅಭಿಮಾನಿಗಳು ಯೋಚಿಸುವುದೇ ಇಲ್ಲ. ಪಿನೆಲ್ಲಿ ಬಿದ್ದ ಕಿಟಕಿ ಲುಯಿಜಿ ಕಲಾಬ್ರೆಸಿ ಎಂಬ ಪೊಲೀಸ್ ಅಧಿಕಾರಿಯ ಕಚೇರಿಯದು. ಎಡಪಂಥೀಯ ಪತ್ರಿಕೆಗಳು ಅವರನ್ನೇ ಕೊಲೆಗಾರ ಅಂತ ಬರೆದವು. ಅವರು ಮಾನಹಾನಿ ಮೊಕದ್ದಮೆ ಹೂಡಿದರು. 1972ರ ಮೇ 17ರಂದು ಅವರನ್ನು ಮನೆಯ ಹೊರಗೆ ಗುಂಡಿಟ್ಟು ಕೊಂದರು. 1975ರಲ್ಲಿ ತನಿಖೆ ಮುಗಿಸಿದ ನ್ಯಾಯಾಧೀಶರು, ಪಿನೆಲ್ಲಿ ಬಿದ್ದಾಗ ಕಲಾಬ್ರೆಸಿ ಆ ಕೋಣೆಯಲ್ಲಿ ಇರಲಿಲ್ಲ ಅಂದರು. ಅದು ಕೊಲೆಯೂ ಅಲ್ಲ, ಆತ್ಮಹತ್ಯೆಯೂ ಅಲ್ಲ, ದಣಿದ ದೇಹಕ್ಕೆ ಏನೋ ಆಗಿ ಸಮತೋಲ ತಪ್ಪಿ ಬಿದ್ದದ್ದು ಎಂಬ ತೀರ್ಮಾನ ಕೊಟ್ಟರು. ಆ ತೀರ್ಮಾನ ಎಷ್ಟು ಜನರಿಗೆ ಒಪ್ಪಿಗೆಯಾಯಿತು ಅನ್ನುವುದು ಬೇರೆ ಮಾತು. ಇಂಥ ಊರಿನಲ್ಲಿ, ಇಂಥ ವರ್ಷಗಳಲ್ಲಿ, ಪೊಲೀಸರನ್ನು ಕಟ್ಟಿಹಾಕಿ ಬಾಂಬಿಟ್ಟು ಸಾಯಲು ಬಿಡುವ ಕೊನೆ ಎಷ್ಟು ಭಾರವಾಗುತ್ತಿತ್ತು! ಲಂಡನ್ನಿನಲ್ಲಿ ಅದು ರಂಗದ ಮೇಲಿನ ಒಂದು ಚಮತ್ಕಾರ. ಮಿಲಾನ್‌ನಲ್ಲಿ ಅದಕ್ಕೆ ಬೇರೆ ಅರ್ಥವೇ ಬರುತ್ತಿತ್ತು.

ರಿಚರ್ಡ್ಸ್ ಪರವಾಗಿಯೂ ಒಂದು ಮಾತು ಹೇಳಬೇಕು, ಸುಮ್ನೆ ಬೈದರೆ ಅನ್ಯಾಯ. ಮಿಲಾನ್‌ನಲ್ಲಿ ನಾಟಕ ಮುಗಿದ ಮೇಲೆ ಫೋ ಮತ್ತು ಪ್ರೇಕ್ಷಕರ ನಡುವೆ ಚರ್ಚೆ ನಡೆಯುತ್ತಿತ್ತು. ಅದನ್ನು ಮೂರನೇ ಅಂಕ ಅಂತಲೇ ಕರೆಯುತ್ತಿದ್ದರು. ಆಡುತ್ತಿದ್ದದ್ದು ವಿಯಾ ಕೊಲೆತ್ತಾದ ಹಳೆಯ ಶೆಡ್ಡಿನಲ್ಲಿ. ಬರುತ್ತಿದ್ದವರಲ್ಲಿ ಕಾರ್ಮಿಕರು, ವಿದ್ಯಾರ್ಥಿಗಳು ಜಾಸ್ತಿ. ಕಲಾಬ್ರೆಸಿ ಹೂಡಿದ ಮೊಕದ್ದಮೆ ನಾಟಕ ಶುರುವಾಗುವ ಹೊತ್ತಿಗೆ ಕೋರ್ಟಿನಲ್ಲಿ ನಡೆಯುತ್ತಲೇ ಇತ್ತು. ಅಲ್ಲಿ ಹೊಸ ವಿವರ ಹೊರಬಿದ್ದರೆ ರಂಗಪ್ರತಿಗೂ ಸೇರುತ್ತಿತ್ತು. ನಮ್ಮ ತಾಳಮದ್ದಲೆಯ ಅರ್ಥಧಾರಿಯ ಹಾಗೆ, ಪ್ರಸಂಗ ಅದೇ, ಮಾತು ಅವತ್ತವತ್ತಿನದು. ಹುಚ್ಚನ ಪಾತ್ರ ಫೋ ಅವರದೇ ಆಗಿದ್ದರಿಂದ ಇದು ಸಲೀಸಾಗಿತ್ತು. ವೆಸ್ಟ್ ಎಂಡಿನಲ್ಲಿ ಟಿಕೆಟ್ ಕೊಂಡು ಬಂದು ಕೊನೆಯ ರೈಲು ಹಿಡಿಯಬೇಕಾದ ಪ್ರೇಕ್ಷಕರ ಜೊತೆ ಯಾವ ಮೂರನೇ ಅಂಕ ಆಡಲು ಆಗುತ್ತದೆ? ಚರ್ಚೆಯನ್ನು ನಾಟಕದ ಒಳಗೇ ತುರುಕಲು ರಿಚರ್ಡ್ಸ್ ಎರಡು ಕೊನೆ ಮಾಡಿದರು ಅಂತ ನಾನು ಓದಿಕೊಂಡಿದ್ದೇನೆ. ಅದು ಕೆಟ್ಟ ಯೋಚನೆ ಅಲ್ಲ. ಆದರೆ ಅದು ರಿಚರ್ಡ್ಸ್ ಯೋಚನೆ. ಫೋ ಹೆಸರಿಗೆ ಜಮಾ ಮಾಡಬೇಡಿ, ಅಷ್ಟೇ ನನ್ನ ಕೋರಿಕೆ.

ನಗುವಿನ ಬಗ್ಗೆ ಒಂದು ಜಾಗ ಹತ್ತಿರದಿಂದ ನೋಡೋಣ. ಪಿನೆಲ್ಲಿ ಬೀಳುವಾಗ ಹಿಡಿಯಲು ಹೋದೆ, ಶೂ ಮಾತ್ರ ಕೈಗೆ ಬಂತು ಅಂತ ಒಬ್ಬ ಪೊಲೀಸ್ ಹೇಳಿದ್ದು ನಿಜ. ಕೆಳಗೆ ಬಿದ್ದ ದೇಹದ ಎರಡೂ ಕಾಲಲ್ಲಿ ಶೂ ಇದ್ದವು ಎಂದು ಹೇಳಿದವರೂ ಇದ್ದರು. ಫೋ ಇದನ್ನು ನಾಟಕದಲ್ಲಿ ಹಾಗೇ ಇಟ್ಟಿದ್ದಾರೆ. ಪತ್ರಕರ್ತೆ ಕೇಳುತ್ತಾಳೆ: ಹಾಗಾದರೆ ಮೂರು ಶೂ ಇದ್ದವಾ? ಎಲ್ಲರೂ ಸೇರಿ ವಿವರಣೆ ಹುಡುಕಲು ಕೂರುತ್ತಾರೆ. ಪೊಲೀಸಪ್ಪ ಮೆಟ್ಟಿಲಿಳಿದು ಕೆಳಗಿನ ಮಹಡಿಗೆ ಓಡಿ, ಕಿಟಕಿಯಿಂದ ಕೈ ಚಾಚಿ, ಬೀಳುತ್ತಿರುವವನ ಕಾಲಿಗೆ ಶೂ ಮತ್ತೆ ಹಾಕಿದನಾ? ಅಥವಾ ಸತ್ತವನು ಶೂ ಮೇಲೆ ಇನ್ನೊಂದು ರಬ್ಬರ್ ಶೂ ಹಾಕಿಕೊಂಡಿದ್ದನಾ? ಇಲ್ಲಿ ನಟರು ಕೋತಿ ಚೇಷ್ಟೆ ಮಾಡಬೇಕಾಗಿಲ್ಲ. ಗಂಭೀರವಾಗಿ, ಕಡತ ಸರಿ ಮಾಡುವ ಕ್ಲರ್ಕಿನ ಮುಖದಲ್ಲಿ ಹೇಳಿದಷ್ಟೂ ನಗು ಜಾಸ್ತಿ. ಹೊಟ್ಟೆಯೊಳಗೆ ಏನೋ ತಣ್ಣಗಾಗುವುದೂ ಆಗಲೇ. ಪೊಲೀಸರನ್ನು ಬರೀ ಕೋಡಂಗಿಗಳನ್ನಾಗಿ ಮಾಡಿದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಕೋಡಂಗಿಗಳು ಯಾರನ್ನು ತಾನೇ ಕೊಲ್ಲುತ್ತಾರೆ?

ಅಮೆರಿಕದ ಕತೆಯನ್ನು ಎರಡು ಸಾಲಿನಲ್ಲಿ ಹೇಳುತ್ತೇನೆ. 1980 ಮತ್ತು 1983ರಲ್ಲಿ ಫೋ, ರಾಮೆ ಇಬ್ಬರಿಗೂ ಅಮೆರಿಕ ವೀಸಾ ಕೊಡಲಿಲ್ಲ. 1984ರಲ್ಲಿ ಕೊಟ್ಟರು, ಅದೇ ವರ್ಷ ರಿಚರ್ಡ್ ನೆಲ್ಸನ್ ರೂಪಾಂತರ ಬ್ರಾಡ್‌ವೇಯ ಬೆಲಾಸ್ಕೋ ಥಿಯೇಟರಿಗೆ ಬಂತು. ಜೊನಾಥನ್ ಪ್ರೈಸ್ ಹುಚ್ಚನ ಪಾತ್ರ ಮಾಡಿದರು. 20 ಪ್ರದರ್ಶನಕ್ಕೆ ಮುಚ್ಚಿತು. ಲಂಡನ್ನಿನಲ್ಲಿ ಗೆದ್ದದ್ದು ನ್ಯೂಯಾರ್ಕಿನಲ್ಲಿ ಗೆಲ್ಲಲೇಬೇಕು ಅಂತೇನಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳದೆ ಬಿಡಲಾರೆ. ನಾಟಕವನ್ನು ಬೇರೆ ಊರಿಗೆ, ಬೇರೆ ಕಾಲಕ್ಕೆ ಒಯ್ಯುವುದೇ ತಪ್ಪು ಅಂತ ಕೆಲವರು ಈ ಲೇಖನದಿಂದ ಅರ್ಥ ಮಾಡಿಕೊಳ್ಳಬಹುದು. ಹಾಗಲ್ಲ. ಯಾಕೆಂದರೆ ಫೋ ತಾನೇ ಆ ಆಟ ಆಡಿದ್ದರು. ಅವರ ಮೂಲ ನಾಟಕಕ್ಕೆ ಒಂದು ಮುನ್ನುಡಿ ಇದೆ. ಅದರಲ್ಲಿ ಪ್ರೇಕ್ಷಕರಿಗೆ ಹೇಳುತ್ತಾರೆ: ಇದು ಹಿಂದೆ ಅಮೆರಿಕದಲ್ಲಿ ನಡೆದ ಘಟನೆ, ನಾವು ಅದನ್ನು ಇವತ್ತಿನ ಇಟಲಿಗೆ ತಂದಿದ್ದೇವೆ. ಇಲ್ಲಿಯ ಯಾವುದಾದರೂ ಘಟನೆಯ ಹಾಗೆ ಕಂಡರೆ ಅದು ರಂಗಭೂಮಿಯ ಮಾಯೆ!

ಆ ಅಮೆರಿಕದ ಘಟನೆ ಕಟ್ಟುಕತೆ ಅಲ್ಲ. ಆಂದ್ರೆಯಾ ಸಾಲ್ಸೆದೋ ಎಂಬ ಇಟಾಲಿಯನ್ ಮುದ್ರಣ ಕೆಲಸಗಾರ ನ್ಯೂಯಾರ್ಕಿನಲ್ಲಿದ್ದ. ಅವನೂ ಅರಾಜಕತಾವಾದಿ. ಬಾಂಬ್ ದಾಳಿಗಳ ತನಿಖೆ ಅಂತ ಕೇಂದ್ರದ ತನಿಖಾ ಸಂಸ್ಥೆಯವರು ಅವನನ್ನು ಪಾರ್ಕ್ ರೋ ಕಟ್ಟಡದಲ್ಲಿ ವಾರಗಟ್ಟಲೆ ಇಟ್ಟುಕೊಂಡಿದ್ದರು. 1920ರ ಮೇ 3ರಂದು ಆ ಕಟ್ಟಡದ 14ನೇ ಮಹಡಿಯಿಂದ ಬಿದ್ದು ಸತ್ತ. ಅವನಿಗೆ ಏನಾಗಿದೆ ಅಂತ ವಿಚಾರಿಸಲು ಸ್ವಲ್ಪ ದಿನ ಮೊದಲು ನ್ಯೂಯಾರ್ಕಿಗೆ ಬಂದು ಹೋಗಿದ್ದವನು ಬಾರ್ತೊಲೊಮಿಯೋ ವಾನ್ಸೆತ್ತಿ. ಹೌದು, ಸಾಕೋ ಮತ್ತು ವಾನ್ಸೆತ್ತಿ ಎಂಬ ಇಬ್ಬರು ಇಟಾಲಿಯನ್ ಅರಾಜಕತಾವಾದಿಗಳ ಮೇಲೆ ನಡೆದ ಪ್ರಸಿದ್ಧ ಕೊಲೆ ಮೊಕದ್ದಮೆಯ ಅದೇ ವಾನ್ಸೆತ್ತಿ. ಸಾಲ್ಸೆದೋ ಸತ್ತ ಎರಡು ದಿನಕ್ಕೆ ಅವರಿಬ್ಬರ ಬಂಧನವಾಯಿತು, 1927ರಲ್ಲಿ ಮರಣದಂಡನೆ.

ಫೋ ಈ ನೆಪ ಹಿಡಿದದ್ದು ಮೊಕದ್ದಮೆಯಿಂದ ತಪ್ಪಿಸಿಕೊಳ್ಳಲು ಒಂದು ಗುರಾಣಿಯಾಗಿ. ಇದು ಬರೀ ನೆಪ ಅಂತ ಪ್ರೇಕ್ಷಕರಿಗೂ ಗೊತ್ತಿತ್ತು, ಪೊಲೀಸರಿಗೂ ಗೊತ್ತಿತ್ತು. ಆದರೆ ಅದರಿಂದ ಇನ್ನೊಂದು ಕೆಲಸವೂ ಆಯಿತು. ಕಿಟಕಿಯಿಂದ ಬೀಳುವವರು ಮಿಲಾನ್‌ನಲ್ಲಿ ಮಾತ್ರ ಇಲ್ಲ ಅಂತ ನಾಟಕ ಮೊದಲ ನಿಮಿಷದಲ್ಲೇ ಹೇಳಿಬಿಟ್ಟಿತು. ಹಲವು ಪ್ರಯೋಗಗಳಲ್ಲಿ ಈ ಮುನ್ನುಡಿಯನ್ನು ಕತ್ತರಿಸಿರುತ್ತಾರೆ. ನನ್ನ ಪ್ರಕಾರ ಎರಡು ಕೊನೆ ಸೇರಿಸುವುದಕ್ಕಿಂತ ಇದು ದೊಡ್ಡ ನಷ್ಟ. ಈ ಬಗ್ಗೆ ಯಾರೂ ಯಾಕೆ ಪ್ರಶ್ನೆ ಕೇಳುವುದಿಲ್ಲವೋ!

ಹಾಗಾಗಿ ದೆಹಲಿಯ ಅಸ್ಮಿತಾ ತಂಡ ಅರವಿಂದ ಗೌರ್ ನಿರ್ದೇಶನದಲ್ಲಿ ಇದನ್ನು 'ಆಪರೇಷನ್ ಥ್ರೀ ಸ್ಟಾರ್' ಎಂಬ ಹಿಂದಿ ನಾಟಕವಾಗಿ ಆಡಿದ್ದಾಗಲಿ, ಟಾಮ್ ಬ್ಯಾಸ್ಡನ್ 2022ರಲ್ಲಿ ಇದನ್ನು ಇವತ್ತಿನ ಲಂಡನ್ ಪೊಲೀಸರ ಕತೆಯಾಗಿ ಬರೆದದ್ದಾಗಲಿ ನನಗೆ ತಕರಾರಿಲ್ಲ. ಬೇರೆ ಊರಿನ ಕತೆಯನ್ನು ಇಲ್ಲಿಗೆ ತಂದಿದ್ದೇವೆ ಅಂತ ಫೋ ನೆಪಕ್ಕೆ ಹೇಳಿದ್ದನ್ನು ಇವರು ನಿಜವಾಗಿ ಮಾಡಿದ್ದಾರೆ.

ಇನ್ನು ನಿಮ್ಮ ತಂಡದ ವಿಷಯ. ಗಡ್ಡದ ನ್ಯಾಯಾಧೀಶನ ಕೊನೆಯನ್ನೇ ಇಟ್ಟುಕೊಳ್ಳಿ, ಮುನ್ನುಡಿಯನ್ನೂ ಬಿಡಬೇಡಿ. ಅದೇ ನಟನೇ ನ್ಯಾಯಾಧೀಶನಾಗಬೇಕು, ಬೇರೆಯವರಿಂದ ಮಾಡಿಸಿದರೆ ಕೊನೆ ಸಪ್ಪೆಯಾಗುತ್ತದೆ. ಹುಚ್ಚ ಕತ್ತಲೆಯಲ್ಲಿ ಮಾಯವಾದ ಮೇಲೆ ಪೊಲೀಸರ ಮಾತು ಎಷ್ಟು ಹೊತ್ತು ನಡೆಯುತ್ತದೋ ಅಷ್ಟರಲ್ಲಿ ಗಡ್ಡ, ಹೊಟ್ಟೆ, ಕೋಟು ಎಲ್ಲ ಆಗಬೇಕು. ಸೈಡ್ ವಿಂಗಿನಲ್ಲಿ ಇಬ್ಬರನ್ನು ನಿಲ್ಲಿಸಿಕೊಳ್ಳಿ, ಪೂರ್ತಿ ವೇಷದಲ್ಲಿ ತಾಲೀಮು ಮಾಡಿ. ಪೊಲೀಸರು ಆ ಗಡ್ಡವನ್ನು ಮುಟ್ಟಿ ನೋಡುತ್ತಾರೆ ಅನ್ನುವುದು ಮೇಕಪ್‌ನವರಿಗೆ ಮೊದಲೇ ಗೊತ್ತಿರಲಿ. ಲಂಡನ್ ಕೊನೆಯೇ ಬೇಕು ಅಂತ ಹಟ ಹಿಡಿದರೆ ಅದನ್ನೇ ಆಡಿ, ಬೇಡ ಅನ್ನಲು ನಾನ್ಯಾರು. ಆದರೆ ಪ್ರಯೋಗದ ಅನುಮತಿ ಕೇಳುವಾಗ ಯಾರ ಪ್ರತಿ ಅಂತ ಸರಿಯಾಗಿ ಬರೆಯಿರಿ, ಕರಪತ್ರದಲ್ಲೂ ರಿಚರ್ಡ್ಸ್ ಹೆಸರು ಹಾಕಿ.